ದೊಡ್ಡವ್ವನ ಮನೆಯ ದಾರಿ

“ಗುರುಗಳೇ, ದಾರಿ ಪೂರಾ ಗೊತ್ತಾದ ಮೇಲೂ ಇನ್ನೊಬ್ಬರನ್ನು ಕೇಳಬೇಕೇ?” ಎಂದು ಶಿಷ್ಯ ಕೇಳಿದ. ಓದಬೇಕಾದ್ದನ್ನೆಲ್ಲ ಅವನು ಓದಿ ಮುಗಿಸಿದ್ದ. ಮಠ ಬಿಡಲು ಅಪ್ಪಣೆ ಬೇಡಿ ಬಂದಿದ್ದ.

ಗುರು ಕೂತುಕೋ ಎಂದು ಸನ್ನೆ ಮಾಡಿ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ದೇಶ ಸುತ್ತಿದವನು. ದಾರಿ ಕೇಳುವುದೆಂದರೆ ಅವನಿಗೆ ಆಗದು. ಕೇಳಿದರೆ ಒಬ್ಬ ತನ್ನ ಭಾವನ ಅಂಗಡಿಗೆ ಕಳಿಸುತ್ತಾನೆ, ಇನ್ನೊಬ್ಬ ಗೊತ್ತಿಲ್ಲ ಎನ್ನಲು ನಾಚಿ ಕೈ ಹೋದ ಕಡೆಗೆ ತೋರಿಸುತ್ತಾನೆ, ಲೋಕದ ಯಾವ ಮೂಲೆಗೆ ಹೋದರೂ ಇದೇ ಪಾಡು ಎಂದು ಅವನು ಹೇಳುತ್ತಿದ್ದ. ಆ ಮಾತಿನಲ್ಲಿ ಸುಳ್ಳೂ ಇರಲಿಲ್ಲ.

ಹೀಗಿರುವಾಗ ಅವನು ಅಂಗೈಯಗಲದ ಒಂದು ಯಂತ್ರ ಕೊಂಡ. ಜನರ ಫೋನ್ ನಂಬರು, ಬರುವ ಹಬ್ಬ, ಮಾಡಬೇಕಾದ ಕೆಲಸ, ಎಲ್ಲವೂ ಅದರ ಹೊಟ್ಟೆಯೊಳಗೆ. ಜೊತೆಗೆ ಬೆಂಕಿಪೊಟ್ಟಣದಂಥ ಒಂದು ಡಬ್ಬಿ. ಅದನ್ನು ಕಾರಿನ ಮುಂಗಾಜಿನ ಕೆಳಗೆ ಇಟ್ಟರೆ ಸಾಕು, ಉಪಗ್ರಹಗಳ ಮಾತು ಕೇಳಿಸಿಕೊಂಡು, ನಡುವೆ ತಂತಿಯೇ ಇಲ್ಲದೆ, ಯಂತ್ರಕ್ಕೆ ಮುಟ್ಟಿಸುತ್ತಿತ್ತು. ಯಂತ್ರ ಎಡಕ್ಕೆ ತಿರುಗು ಎಂದರೆ ವರ್ತಕ ಎಡಕ್ಕೆ ತಿರುಗುತ್ತಿದ್ದ, ಬಲಕ್ಕೆ ಎಂದರೆ ಬಲಕ್ಕೆ. “ನನ್ನ ಮಾತನ್ನ ಇಷ್ಟು ಕೇಳಿದ್ರ ಎಂದೋ ಉದ್ಧಾರ ಆಗತಿದ್ರಿ” ಎಂದು ಹೆಂಡತಿ ಕುಟುಕಿದ್ದೂ ಉಂಟು.

ವರ್ತಕ ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡವನು. ಹೊಳೆದಂಡೆಯ ಊರಿನಿಂದ ಬಂದ ಒಬ್ಬ ವಿಧವೆ ಅವನನ್ನು ಎತ್ತಿ ಆಡಿಸಿ ಬೆಳೆಸಿದಳು. ಮನೆಯವರೆಲ್ಲ ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು, ಅವನೂ ಹಾಗೆಯೇ ಕರೆದ. ದೊಡ್ಡವರ ಹೆಸರು ಹಿಡಿದು ಕರೆಯಬಾರದೆಂದು ಅವನಿಗೆ ಕಲಿಸಿದವಳೂ ಅವಳೇ. ಕೈಕಾಲು ಸೋತ ಮೇಲೆ ಅವಳು ತನ್ನ ಊರಿಗೆ ಹೊರಟಳು. ಹೊರಡುವಾಗ ಒಂದೇ ಒಂದು ಬೇಡಿದಳು. “ನನಗ ಹೊಟ್ಟ್ಯಾಗ ಹುಟ್ಟಿದವರಿಲ್ಲ. ಕಡೀಗಾಲಕ್ಕ ನನ್ನ ಬಾಯಾಗ ನೀರು ನೀನ ಬಿಡಬೇಕು, ನನ ಕಂದಾ.” ಅವನು ಅವಳ ಕೈಮೇಲೆ ಕೈಯಿಟ್ಟು ಆಣೆ ಮಾಡಿದ.

ದೀಪಾವಳಿ ಬಂತೆಂದರೆ ಯಂತ್ರ ಗುಂಯ್ ಎಂದು ‘ದೊಡ್ಡವ್ವ, ಸೀರೆ’ ಎಂದು ತೋರಿಸುತ್ತಿತ್ತು. ಅದು ತೋರಿಸುತ್ತಿದ್ದುದರಿಂದ ಅವನು ನೆನಪಿಟ್ಟುಕೊಳ್ಳುವುದನ್ನು ಬಿಟ್ಟಿದ್ದ. ಸೀರೆ ಒಯ್ದು ಡಾಂಬರು ರಸ್ತೆಯ ಕ್ರಾಸಿನಲ್ಲಿ ಕಾರು ನಿಲ್ಲಿಸುತ್ತಿದ್ದ. ಊರೊಳಗಿನ ಮಣ್ಣು ದಾರಿಗೆ ಕಾರು ಇಳಿಸುತ್ತಿರಲಿಲ್ಲ. ದೊಡ್ಡವ್ವ ಬೆಳಗಿನಿಂದ ಅದೇ ಕ್ರಾಸಿನಲ್ಲಿ ಕಾದು ಕೂತಿರುತ್ತಿದ್ದಳು. ಅವನ ತಲೆ ಸವರಿ, ಸೀರೆ ಕಂಕುಳಲ್ಲಿ ಇಟ್ಟುಕೊಂಡು ನಡೆದು ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಅಂಗಡಿಗೆ ಫೋನ್ ಬಂತು. ಯಾರೋ ಹೆಂಗಸು. “ನಿಮ್ಮ ದೊಡ್ಡವ್ವಗ ಭಾಳ ಆಗೇತ್ರಿ. ಬಾಗಿಲಾ ನೋಡಕೋತ ಮಲಗ್ಯಾಳ. ಲಗೂನ ಬರ್ರಿ.” ನಾಣ್ಯ ಹಾಕಿ ಮಾತಾಡುವ ಫೋನು, ಅಷ್ಟಕ್ಕೇ ಕಡಿದುಹೋಯಿತು.

ವರ್ತಕ ಇದ್ದಂತೆಯೇ ಕಾರು ಹತ್ತಿದ. ಯಂತ್ರ ಅವನನ್ನು ಒಂದು ತಿರುವೂ ತಪ್ಪದೆ ಕರೆದೊಯ್ದಿತು. ಹಿಂದೆಂದೂ ಕಾಣದ ಒಳದಾರಿಗಳಲ್ಲಿ ನಡೆಸಿತು. ಅಂದು ಮಣ್ಣು ದಾರಿಗೂ ಕಾರು ಇಳಿಯಿತು. ಊರ ನಡುವೆ ಬಂದಾಗ ‘ನೀವು ತಲುಪಬೇಕಾದ ಸ್ಥಳ ತಲುಪಿದ್ದೀರಿ’ ಎಂದು ಹೇಳಿ ಸುಮ್ಮನಾಯಿತು.

ಅದು ಹೊಳೆ ನುಗ್ಗಿದ ಮೇಲೆ ದಿನ್ನೆಯ ಮೇಲೆ ಕಟ್ಟಿಸಿಕೊಟ್ಟ ಊರು. ಸಾಲು ಸಾಲು ಮನೆ. ಎಲ್ಲಕ್ಕೂ ಒಂದೇ ಅಳತೆ, ಒಂದೇ ಬಣ್ಣ, ಒಂದೇ ತಗಡಿನ ಬಾಗಿಲು. ಆ ವರ್ಷ ಕೀಲು ಹಿಡಿಯುವ ಜ್ವರ ಬೇರೆ ಬಂದಿತ್ತು. ಮನೆಮನೆಯಲ್ಲೂ ಮುದುಕರು ಹಾಸಿಗೆ ಹಿಡಿದಿದ್ದರು.

ಕಟ್ಟೆಯ ಮೇಲೆ ಒಬ್ಬ ಹೆಂಗಸು ಜೋಳ ಹಸನು ಮಾಡುತ್ತಿದ್ದಳು. ವರ್ತಕ ಬಹಳ ವರ್ಷಗಳ ಮೇಲೆ ದಾರಿ ಕೇಳಿದ.

“ಯವ್ವಾ, ದೊಡ್ಡವ್ವನ ಮನಿ ಯಾವದು?”

“ಯಾವ ದೊಡ್ಡವ್ವರಿ? ನೀಲವ್ವ ದೊಡ್ಡವ್ವೋ, ಸಾಂವಕ್ಕ ದೊಡ್ಡವ್ವೋ? ನಮ್ಮೂರಾಗ ಮನಿಗೊಬ್ಬಾಕಿ ದೊಡ್ಡವ್ವ ಅದಾಳ.”

“ಜಡ್ಡಾಗಿ ಮಲಗ್ಯಾಳ.”

“ಯಾರು ಎದ್ದು ಅಡ್ಡಾಡಾಕ ಹತ್ಯಾರ, ಅದನ್ನ ಹೇಳ್ರಿ! ಹೆಸರೇನ್ರಿ ಆಕೀದು?”

“ನಾವೆಲ್ಲಾ ದೊಡ್ಡವ್ವ ಅಂತನ ಕರೀತಿದ್ವಿ.”

“ಹೋಗ್ಲಿ, ಅಡ್ಡಹೆಸರು? ಗಂಡನ ಹೆಸರರ ಹೇಳ್ರಿ.”

“ಪ್ಯಾಟ್ಯಾಗ ನಮ್ಮ ಮನ್ಯಾಗ ಇದ್ದಳು. ನನ್ನನ್ನ ಸಾಕಿದಾಕಿ.”

ಹೆಂಗಸು ಮೊರ ಕೆಳಗಿಟ್ಟಳು. “ಮಂದಿ ಮಕ್ಕಳನ್ನ ಸಾಕಿ ಬಂದಾಕೀನ ಹುಡುಕಿದ್ರ ಅರ್ಧಾ ಊರ ಸಿಗತೈತ್ರಿ ಇಲ್ಲಿ.”

ವರ್ತಕ ಯಂತ್ರ ತೆಗೆದು ನೋಡಿದ. ಹೆಸರು ಬರೆಯುವ ಜಾಗದಲ್ಲಿ ‘ದೊಡ್ಡವ್ವ’ ಎಂದಿತ್ತು. ಬರೆದವನು ಅವನೇ.

ಅವನು ನೀರಿನ ಬಾಟಲಿ ಹಿಡಿದು ಮನೆಯಿಂದ ಮನೆಗೆ ಓಡಿದ. ಒಂದು ಮನೆಯ ಕತ್ತಲಲ್ಲಿ ಒಬ್ಬ ಮುದುಕಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅವನು ಮೊಣಕಾಲೂರಿ ಅವಳ ತಲೆ ಎತ್ತಿದ. ಮುದುಕಿ ಕಣ್ಣು ಬಿಟ್ಟಳು. “ಯಾರಪಾ ನೀ? ನೀರು ಹಿಡಕೊಂಡು ಬಂದೀಯಲ್ಲ! ನನಗಿನ್ನೂ ಹೊತ್ತೈತಿ, ಮುಂದಿನ ಮನಿ ನೋಡು” ಎಂದು ಜ್ವರದಲ್ಲೂ ನಕ್ಕಳು.

ವರ್ತಕ ಓಣಿಗೆ ಬಂದ. ಮಗುವಾಗಿದ್ದಾಗ ಕೂಗುತ್ತಿದ್ದಂತೆ ಗಂಟಲು ಹರಿಯುವ ಹಾಗೆ ಕೂಗಿದ. “ದೊಡ್ಡವ್ವಾ!”

ಆ ಸಾಲಿನಿಂದ, ಈ ಸಾಲಿನಿಂದ, ನಾಲ್ಕಾರು ಮನೆಗಳಿಂದ ‘ಓ’ ಎಂಬ ಸೋತ ದನಿಗಳು ಒಟ್ಟಿಗೆ ಬಂದವು. ಅವನು ಆ ಕಡೆ ಎರಡು ಹೆಜ್ಜೆ, ಈ ಕಡೆ ಎರಡು ಹೆಜ್ಜೆ ಇಟ್ಟು ನಡುದಾರಿಯಲ್ಲಿ ನಿಂತ.

ಸ್ವಲ್ಪ ಹೊತ್ತಿಗೆ ಕಡೆಯ ಸಾಲಿನಲ್ಲಿ ಹೆಂಗಸರು ಅಳತೊಡಗಿದರು. ಆ ಸೀಮೆಯಲ್ಲಿ ಸತ್ತವರ ಹೆಸರು ಹಿಡಿದು ಹಾಡಿಕೊಂಡು ಅಳುತ್ತಾರೆ. ವರ್ತಕ ಅಳುವಿನ ಜಾಡು ಹಿಡಿದು ಓಡಿದ. ಈಗ ಮನೆ ಸಿಕ್ಕಿತು.

ದೊಡ್ಡವ್ವ ಬಾಗಿಲ ಕಡೆ ಮುಖ ಮಾಡಿಯೇ ಮಲಗಿದ್ದಳು. ಮೈಮೇಲೆ ಅವನು ಕೊಟ್ಟ ಸೀರೆ ಇತ್ತು. “ಈಗರ ‘ಓ’ ಅಂದಳ್ರಿ,” ಎಂದಳು ನೆರೆಮನೆಯಾಕೆ, “ಯಾರು ಕರದ್ರೋ ಏನೋ. ಏಳಾಕ ಹೋದಳು. ಅಷ್ಟ.” ವರ್ತಕ ಬಾಟಲಿ ಬಗ್ಗಿಸಿದ. ನೀರು ಒಳಗೆ ಇಳಿಯಲಿಲ್ಲ. ತುಟಿಯಂಚಿನಿಂದ ಹರಿದು ದಿಂಬಿಗೆ ಹೋಯಿತು. ಸುತ್ತ ಕೂತ ಹೆಂಗಸರು ಹೆಸರು ಹಿಡಿದು ಅಳುತ್ತಲೇ ಇದ್ದರು. ತನ್ನನ್ನು ಬೆಳೆಸಿದವಳ ಹೆಸರನ್ನು ಅವನು ಮೊದಲ ಸಲ ಕೇಳಿದ್ದು ಹಾಗೆ.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ಒದ್ದೆಯಾಗಿತ್ತು.

“ಆ ತಾಯಿಯ ಹೆಸರೇನು, ಗುರುಗಳೇ?”

ಗುರು ಹೇಳಿದರು: “ನೀನೂ ಅವಳು ಸತ್ತ ಮೇಲೆಯೇ ಕೇಳಿದೆ.”