ದೋಣಿಗೆ ಕೊಂಡಿ ಹಾಕಿದ ಮಾನಿಂಗ

ಕುಂದರ್ರಿ, ಎಲಿ-ಅಡಕಿ ಹಾಕ್ಕೋರಿ, ಆದರ ನಡುವ ಬಾಯಿ ಹಾಕಬ್ಯಾಡ್ರಿ. ನಡುವ ಬಾಯಿ ಹಾಕಿದ್ರ ಕತಿ ಅಲ್ಲೇ ಬಿಟ್ಟು ಎದ್ದು ಹೋಗಾಂವ ನಾ. ಈಗ ಹೇಳೇನಿ, ಆಮ್ಯಾಲ ಕರೀಬ್ಯಾಡ್ರಿ.

ಹೊಳಿ ದಂಡಿ ಮ್ಯಾಲ ಒಂದು ಊರು. ಒಂದಂದ್ರ ಎರಡು. ಹೊಸಾ ಊರು ಮ್ಯಾಲ, ಹಳೇ ಊರು ಕೆಳಗ. ಆಣೆಕಟ್ಟು ಕಟ್ಟಿದ ಮ್ಯಾಲ ಹಳೇ ಊರು ವರ್ಷಾ ಹಿನ್ನೀರಾಗ ಮುಣಗತೈತಿ, ಬ್ಯಾಸಗ್ಯಾಗ ಮತ್ತ ಏಳತೈತಿ. ಓಣಿ ಹಂಗೇ, ಗ್ವಾಡಿ ಹಂಗೇ, ಅಗಸಿ ಬಾಗಲಾ ಹಂಗೇ. ಮಂದಿ ಇಲ್ಲ ಅಷ್ಟ.

ಮ್ಯಾಲಿನ ಊರಾಗ ದುಂಡವ್ವ ಅಂತ ಒಬ್ಬಾಕಿ. ಗಂಡ ತೀರಿಕೊಂಡ ಮ್ಯಾಲ ತಾನೇ ಹುಟ್ಟು ಹಿಡದು ದೋಣಿ ನಡಸ್ತಿದ್ಲು. ಆಕಿ ಮಗ ಮಾನಿಂಗ. ಮೀಸಿ ಬಂದಿತ್ತು, ಬುದ್ಧಿ ಇನ್ನೂ ದಾರ್‍ಯಾಗಿತ್ತು. ಒಳ್ಳೇ ಮಗರೀ! ಅವ್ವನ ಮಾತು ಮೀರಿದವನಲ್ಲ. ಅದೇ ಪಂಚಾತಿ! ಹೇಳಿದ್ದಷ್ಟೇ ಮಾಡಾಂವ, ಹೇಳಿದಂಗೇ ಮಾಡಾಂವ, ಮಾಡಿ ಆಕಾಶ ನೋಡಕೋತ ಕುಂದ್ರಾಂವ.

ಆ ಊರಾಗ ಒಂದು ಪದ್ಧತಿ. ಹಿನ್ನೀರು ಏರಿ ಏರಿ ಹಳೇ ಅಗಸಿಯ ಕಡೇ ಪಾವಟಿಗಿ ಮುಟ್ಟಿದ ಮುಂಜಾನಿ, ಯಾರ ದೋಣಿ ಅಲ್ಲಿ ತೇಲತಿರತೈತೋ ಅವರ ಕೈಗೆ ಹಿರ್‍ಯಾರು ವೀಳ್ಯಾ ಕೊಡತಾರ. ವೀಳ್ಯಾ ಸಿಕ್ಕಾವರಿಗೆ ಆ ವರ್ಷ ಮಂದಿ ದಾಟಿಸೋ ದೋಣಿ. ಸಿಗಲಿಲ್ಲಂದ್ರ ದಂಡಿಗೆ ಕುಂತು ಮಂದಿ ದಾಟೋದು ನೋಡಬೇಕು.

ಆ ವರ್ಷ ದುಂಡವ್ವನ ದೋಣಿ ಎಲ್ಲಿತ್ತು? ಆರು ಮೈಲು ದೂರ, ಬಡಿಗ್ಯಾರ ಮೌನೇಶಪ್ಪನ ಅಂಗಳದಾಗ! ತಳದ ಹಲಗಿ ಬದಲಿ ಮಾಡಾಕ ಕೊಟ್ಟಿದ್ಲು. ಹಲಗಿ ಆತು. ನೀರೂ ಬಂತು. ಹನ್ನೊಂದು ಪಾವಟಿಗ್ಯಾಗ ಏಳು ಮುಣಗಿದ್ವು. ಆಚೀ ದಂಡಿ ಯಂಕಣ್ಣ ತನ್ನ ದೋಣಿಗೆ ಡಾಂಬರು ಬಳಿಯಾಕತ್ತಿದ್ದ.

"ಅಯ್ಯ ನನ್ನ ಹಣೇಬರಾ! ಈ ಸಲ ವೀಳ್ಯಾ ಯಂಕಣ್ಣಗ ಹೋತು!" ಅಂತ ದುಂಡವ್ವ ಕಣ್ಣೀರು ತಗದ್ಲು.

ಆಕಿ ತಮ್ಮನ ಹಿತ್ತಲದಾಗ ಒಂದು ಹಳೇ ಜೀಪು ನಿಂತಿತ್ತು, ಒಂಬತ್ತು ಮಂದಿ ಕುಂದ್ರೋವಂಥಾದ್ದು. ಹಿಂದಿನ ಸೀಟಿನಾಗ ಕೋಳಿ ಮೊಟ್ಟಿ ಇಡತಿದ್ವು. "ಒಯ್ಯಕ್ಕಾ, ಎರಡು ಗಾಲಿ ಟ್ರೇಲರ್ ಹಿಂದ ಹಚ್ಚಿ ದೋಣಿ ಎಳಕೊಂಡು ಬಾ," ಅಂದ ತಮ್ಮ. ದುಂಡವ್ವ ಮಗನ ಜೋಡಿ ಹೋಗಬಹುದಿತ್ತು, ಖರೆ. ಆದರ ನೀರಿನ ಮ್ಯಾಲ ದಿನಾ ತೇಲೋ ಹೆಂಗಸಿಗೆ ಜೀಪು ಹತ್ತಿದ್ರ ವಾಂತಿ! ಮಾನಿಂಗಗ ಗಾಡಿ ಹೊಡಿಯಾಕ ಬರತಿತ್ತು. ಅದೊಂದು ದೇವರು ಕೊಟ್ಟಿದ್ದ.

"ಮಗನ, ಮಿಸ್ತ್ರಿ ದಸ್ತಗೀರನ ಕಡೆ ಒಯ್ಯಿ. ಅವ ಏನು ಹೇಳತಾನ ಕಿವಿ ಕೊಟ್ಟು ಕೇಳು!"

"ಹೂಂ ಯವ್ವಾ!"

ದಸ್ತಗೀರ ಜೀಪಿನ ಕೆಳಗ ನುಗ್ಗಿ ನೋಡಿದ. ಗಾಲಿ ಮ್ಯಾಲಿನ ಸ್ಪ್ರಿಂಗ್ ಪಾಟಾ ಕುಸದಿದ್ವು, ಒಂದೊಂದು ಪಟ್ಟಿ ಹೆಚ್ಚಿಗಿ ಹಾಕಿದ. ಬ್ರೇಕ್ ಬಿಗಿ ಮಾಡಿದ. ಹಿಂದಿನ ಲೈಟಿಗೆ ವಾಯರ್ ಎಳದ. ಆಮ್ಯಾಲ ಹಿಂಬದಿ ಕಬ್ಬಣಕ್ಕ ತೂತು ಹೊಡದ. ಒಂದು, ಎರಡು, ಮೂರು, ನಾಕು! ಮಾನಿಂಗ ಬೆರಳು ಮಡಚಿ ಎಣಿಸಿದ.

"ಇದು ಯಾಕ ದಸ್ತಗೀರಣ್ಣ?"

"ಎಳಿಯೋ ಗಾಡಿಗೆ ಹಿಂದ ನಾಕು ತೂತು ಹೊಡದು ಕೊಂಡಿ ಹಾಕಬೇಕೋ ತಮ್ಮಾ. ಇಲ್ಲಂದ್ರ ಎಳಿಯೋದು ಹೆಂಗ? ಇನ್ನೊಂದು ಕೇಳು, ಹಳೇ ಗಾಡಿ ಇದು. ದಾರ್‍ಯಾಗ ಬಿಸಿ ಆದ್ರ ತಂಪು ಮಾಡು. ನಾಳೆ ಬಂದು ನನ್ನ ಟ್ರೇಲರ್ ಒಯ್ಯಿ."

ಮನಿ ಕಡೆ ಹೊಂಟ. ಏರು ಬಂತು, ಜೀಪು ಬಿಸಿ ಆತು, ಹೊಗಿ ಹಾರಿತು. ಮಾನಿಂಗ ನೆನಸಿಕೊಂಡ: ಮೈ ಬಿಸಿ ಆದಾಗ ಅವ್ವ ನನಗ ಏನು ಕೊಡತಾಳ? ಮಜ್ಜಿಗಿ! ದಾರಿ ಮಗ್ಗಲ ಮುದುಕಿ ಹತ್ರ ಒಂದು ಗಡಿಗಿ ಮಜ್ಜಿಗಿ ಇಸಕೊಂಡು ರೇಡಿಯೇಟರಿಗೆ ಸುರಿವಿದ. ಜೀರಗಿ, ಕರಿಬೇವು, ಎಲ್ಲಾ! ಜೀಪು ಬುರುಬುರು ನೊರಿ ಕಾರಕೋತ ಮನಿ ಮುಟ್ಟಿತು.

"ಏನೋ ಇದು, ಜೀಪಿಗೆ ಒಗ್ಗರಣಿ ವಾಸನಿ!"

"ನೀ ಹೇಳಿದಂಗ ಮಾಡೇನಿ ಯವ್ವಾ! ಬಿಸಿ ಆದ್ರ ಮಜ್ಜಿಗಿ!"

"ಅಯ್ಯ ಮಬ್ಬ! ಅದಕ್ಕ ಸ್ವಚ್ಛ ನೀರು ಕುಡಸೋ, ನೀರು! ಇನ್ನ ಬಿಸಿ ಆತಂದ್ರ ನೆರಳಾಗ ನಿಲ್ಲಿಸು, ತಣ್ಣಗಾಗೋತನಕ ಕಾಯಿ. ತಿಳೀತಿಲ್ಲೋ?"

"ತಿಳೀತು ಯವ್ವಾ!"

ಮರುದಿನ ದಸ್ತಗೀರ ಬೈಕೋತ ರೇಡಿಯೇಟರ್ ತೊಳದ. ಟ್ರೇಲರ್ ಕೊಂಡಿಗೆ ಸಿಗಿಸಿದ, ಸರಪಳಿ ಹಾಕಿದ, ಕಳಿಸಿದ. ಮಾನಿಂಗ ಅರ್ಧಾ ದಾರಿ ಬಂದು ಇಳದು ಟ್ರೇಲರ್ ಕಬ್ಬಣ ಮುಟ್ಟಿ ನೋಡಿದ. ಚುರ್ ಅಂತು! ಹನ್ನೆರಡರ ಬಿಸಿಲಾಗ ಕಬ್ಬಣ ಸುಡದ ಏನು ಮಾಡತೈತಿ? "ಬಿಸಿ ಆಗೈತಿ!" ಅಂದವನೇ ಒಂದು ಹುಣಸಿ ಮರದ ನೆರಳಾಗ ನಿಲ್ಲಿಸಿ ಕುಂತ.

ಗಾಳಿ ತಂಪಿತ್ತು. ಎಲಿ ಸಣ್ಣಗ ಉದರತಿದ್ವು. ಮಾನಿಂಗಗ ಕಣ್ಣು ಎಳದು, ನಿದ್ದಿ ಬಂದಂಗಾತು. ಕಣ್ಣು ಬಿಟ್ಟಾಗ ನೆರಳು ಸರದಿತ್ತು, ಕಬ್ಬಣ ಮತ್ತ ಬಿಸಿ! ಜೀಪು ಚಾಲೂ ಮಾಡಿ ನೆರಳಿನ ಹಿಂದ ಹೋದ. ಮತ್ತ ಕುಂತ. ಮತ್ತ ನೆರಳು ಸರೀತು. ಮತ್ತ ಹೋದ. ಹಿಂಗ ಹೊತ್ತು ಮುಣಗೋದರಾಗ ಹುಣಸಿ ಮರದ ಸುತ್ತ ಅರ್ಧಾ ಸುತ್ತು ಆಗಿತ್ತು. ಮರ ಎಷ್ಟು ಚಂದ ತಿರಗತೈತಿ ಅಂತ ಅವ ಖುಷಿಪಟ್ಟ.

"ಎಲ್ಲಿ ಸತ್ತಿದ್ದೋ ಇಡೀ ದಿನಾ? ಒಂಬತ್ತನೇ ಪಾವಟಿಗಿ ಮುಣಗೈತಿ!"

"ನೀ ಹೇಳಿದಂಗ ಮಾಡೇನಿ ಯವ್ವಾ! ನೆರಳಾಗ ನಿಲ್ಲಿಸಿದೆ. ನೆರಳು ನಿಲ್ಲಲಿಲ್ಲ!"

ದುಂಡವ್ವ ಹಣಿ ಹಣಿ ಬಡಕೊಂಡ್ಲು. "ನಾಳೆ ದೋಣಿ ತರಾಕ ಹೊಂಟಿ. ಮನಿ ಬಿಟ್ಟ ಮ್ಯಾಲ ಮನಿ ಮುಟ್ಟೋತನಕ ಎಲ್ಲೂ ನಿಲ್ಲಬ್ಯಾಡ! ನೆರಳಿರಲಿ, ಬಿಸಿಲಿರಲಿ, ನಿಂತೀ ಅಂದ್ರ ನೋಡು!"

"ನಿಲ್ಲಂಗಿಲ್ಲ ಯವ್ವಾ!"

ನಿಲ್ಲಲಿಲ್ಲ ನೋಡ್ರಿ. ಬಡಿಗ್ಯಾರ ಮೌನೇಶಪ್ಪ ದೋಣಿಗೆ ಎಣ್ಣಿ ಹಚ್ಚಿ, ನಾಕು ಆಳು ಕರಸಿ, ಬಾಗಲದಾಗ ಕಾಯಕೋತ ನಿಂತಿದ್ದ. ಜೀಪು ಬಂತು. ಟ್ರೇಲರ್ ಕುಣಕೋತ ಬಂತು. ಅಂಗಳಕ್ಕೊಂದು ಸುತ್ತು ಹಾಕಿ ಹೊಳ್ಳಿ ಹೋತು!

"ಏ ಮಾನಿಂಗಾ! ನಿಲ್ಲೋ! ದೋಣಿ ಇಲ್ಲೈತೋ!"

"ನಿಲ್ಲಾಕ ಬರಂಗಿಲ್ಲರೀ ಕಾಕಾ! ಅವ್ವ ಬೈತಾಳ!"

ಬರೀ ಟ್ರೇಲರ್ ನೋಡಿ ದುಂಡವ್ವ ಕೈಯಾಗಿನ ಹುಟ್ಟು ಗ್ವಾಡಿಗೆ ಆನಿಸಿದ್ಲು. ಹೊಸ್ತಿಲ ಮ್ಯಾಲ ಕುಂತ್ಲು. ಮಗನ ಗಲ್ಲಾ ಸವರಿದ್ಲು. "ಮಾನಿಂಗಾ, ನಿಮ್ಮಪ್ಪ ಸಾಯೋ ಮುಂದ ಈ ಹುಟ್ಟು ನನ್ನ ಕೈಯಾಗ ಕೊಟ್ಟು ಹೋದ. ನನಗ ಬ್ಯಾರೇದು ಏನೂ ಬರಂಗಿಲ್ಲಪಾ. ನಾಳೆ ಒಂದು ದಿನಾ ಐತಿ. ಮೌನೇಶಪ್ಪನ ಅಂಗಳದಾಗ ನಿಲ್ಲು. ದೋಣಿ ಏರಿಸು. ದೋಣಿ ಟ್ರೇಲರಿಗೆ ಕಟ್ಟು, ಟ್ರೇಲರ್ ಜೀಪಿಗೆ ಕಟ್ಟು. ಮೆಲ್ಲಗ ಬಾ. ಹಳೇ ಅಗಸಿ ಕೆಳಗ ನೀರಿನ ದಂಡಿಗೆ ನಿಲ್ಲಿಸು. ನಾ ಬರೋತನಕ ಒಂದು ಗಂಟೂ ಬಿಚ್ಚಬ್ಯಾಡ!"

"ಬಿಚ್ಚಂಗಿಲ್ಲ ಯವ್ವಾ!"

ಆ ದಿನ ಎಲ್ಲಾ ಸರಿ ಆತು. ನಂಬಂಗಿಲ್ಲ ನೀವು, ಎಲ್ಲಾ ಸರಿ ಆತು! ನಿಂತ, ಏರಿಸಿದ, ಕಟ್ಟಿದ. ಗಡಿಬಿಡ್ಯಾಗ ಮೌನೇಶಪ್ಪ ಹಲಗಿಗೆ ತೂತು ಕೊರಿಯೋ ಬೈರಿಗಿ ದೋಣ್ಯಾಗೇ ಉಳೀತು. ಅದನ್ನ ನೆನಪಿಡ್ರಿ. ಮೆಲ್ಲಗ ಬಾ ಅಂದಿದ್ಲಲ್ಲ, ಮೆಲ್ಲಗ ಬಂದ. ಆಡು ಮುಂದ ಹಾದು ಹೋದ್ವು, ಆಡು ಕಾಯೋ ಮುದುಕನೂ ಮುಂದ ಹಾದು ಹೋದ. ಅಗಸಿ ಕೆಳಗ ಮುಟ್ಟೋದರಾಗ ಹೊತ್ತು ಮುಣಗಿತ್ತು.

ದುಂಡವ್ವ ಸಂಜೀತನಕ ಅಲ್ಲೇ ಕಾದು, ಮಗ ಬರಲಿಲ್ಲಂತ ಹಿರ್‍ಯಾರ ಕಾಲು ಹಿಡಿಯಾಕ ಮ್ಯಾಲಿನ ಊರಿಗೆ ಹೋಗಿದ್ಲು. "ಇನ್ನೊಂದು ದಿನಾ ತಡೀರಿ ಯಪ್ಪಾ!" ಅಂದ್ಲು. "ನೀರು ತಡದ್ರ ನಾವೂ ತಡೀತೇವಿ," ಅಂದ್ರು ಅವರು. ಅಳಕೋತ ಮನಿಗೆ ಹೋದ್ಲು.

ಇಲ್ಲಿ ಮಾನಿಂಗ ಹಳೇ ಓಣ್ಯಾಗ ಜೀಪು ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ದೋಣ್ಯಾಗ ಏರಿ ಮಲಗಿದ. ಅವ್ವ ಬರೋತನಕ ಕಾಯಬೇಕಲ್ಲ. ಸುತ್ತ ಮಂದಿ ಇಲ್ಲದ ಮನಿ, ಕದಾ ಇಲ್ಲದ ಬಾಗಲಾ. ಆ ರಾತ್ರಿ ನೀರು ದಿನಕ್ಕಿಂತ ಜೋರಾಗಿ ಏರಿ, ಓಣಿಯೊಳಗ ಸಪ್ಪಳ ಮಾಡದಂಗ ಬಂತು. ಕಟ್ಟಿ ಏರಿತು, ಗ್ವಾಡಿಯ ದೀಪದ ಮಾಡ ಏರಿತು. ಮಾನಿಂಗಗ ಕನಸು ಬಿತ್ತು: ಅಪ್ಪ ಹುಟ್ಟು ಹಾಕಾಕತ್ತಾನ, ಹಳೇ ಊರಿನ ಮಂದಿ ಎಲ್ಲಾ ಮಾಳಿಗಿ ಮ್ಯಾಲ ನಿಂತು ಕೈ ಮಾಡಾಕತ್ತಾರ, ಓಣ್ಯಾಗ ಮೀನು ನಡಕೋತ ಹೊಂಟಾವ. ದೋಣಿ ತೊಟ್ಟಲಾ ತೂಗಿದಂಗ ತೂಗತಿತ್ತು. ಅವಗ ಎಚ್ಚರಾಗೋ ಮನಸೇ ಇರಲಿಲ್ಲ.

ಹೊತ್ತು ಹುಟ್ಟಿತು. ನೀರು ಕಡೇ ಪಾವಟಿಗಿ ಮುಟ್ಟಿತು. ಹುಟ್ಟು ಹೆಗಲ ಮ್ಯಾಲ ಹೊತ್ತು, ಆಶಾ ಬಿಟ್ಟು ದುಂಡವ್ವ ಅಗಸಿಗೆ ಬಂದ್ಲು. ನೋಡತಾಳ, ದೋಣಿ! ತನ್ನ ದೋಣಿ! ಬಂಗಾರದಂಥಾ ಬೆಳಕಿನಾಗ ತಣ್ಣಗ ತೇಲಾಕತ್ತೈತಿ! ಯಂಕಣ್ಣನ ದೋಣಿ ಇನ್ನೂ ಆಚೀ ದಂಡ್ಯಾಗೇ ಐತಿ!

"ನನ ಕಂದಾ! ನನ ಬಂಗಾರಾ!" ಅಂತ ನೀರಾಗ ಇಳದು ದೋಣಿ ಏರಿ ಮಗನ್ನ ಅವಚಿಕೊಂಡ್ಲು. ಅತ್ಲು, ನಕ್ಲು, ಮತ್ತ ಅತ್ಲು. ಆಮ್ಯಾಲ ಆಚೀಚೆ ನೋಡಿದ್ಲು.

"ಮಗನ, ಜೀಪು ಎಲ್ಲೋ?"

"ಕೆಳಗೈತಿ ಯವ್ವಾ."

"ಕೆಳಗಂದ್ರ?"

"ಕೆಳಗ!" ಅಂತ ನೀರು ತೋರಿಸಿದ. "ನೀ ಹೇಳಿದಂಗ ಮಾಡೇನಿ! ಒಂದು ಗಂಟೂ ಬಿಚ್ಚಿಲ್ಲ. ನೆರಳಾಗೇ ಐತಿ. ತಣ್ಣಗಾಗೈತಿ. ಸ್ವಚ್ಛ ನೀರು ಎಷ್ಟು ಬೇಕೋ ಅಷ್ಟು ಕುಡದೈತಿ!"

ದುಂಡವ್ವ ಬಗ್ಗಿ ನೋಡಿದ್ಲು. ದೋಣಿಗೆ ಜೋತುಬಿದ್ದ ಟ್ರೇಲರ್, ಅದರಿಂದ ಇಳದ ಸರಪಳಿ, ಅದರ ತುದಿಗೆ ಜೀಪಿನ ಮಾಳಿಗಿ, ಅದರ ಮ್ಯಾಲ ಮೀನು.

"ಅಯ್ಯ ನನ್ನ ಹಣೇಬರಾ! ತಮ್ಮಗ ಏನು ಹೇಳಲಿ? ಜೀಪು ದೋಣಿ ಎಳಕೊಂಡು ಬಂತು, ಇನ್ನ ದೋಣೀಲೆ ಜೀಪು ಎಳಿ, ಹೋಗು!"

ಸಿಟ್ಟಿಲೆ ಅಂದ ಮಾತದು. ಅಷ್ಟರಾಗ ಹಿರ್‍ಯಾರು ತಾಟಿನಾಗ ವೀಳ್ಯಾ ಹಿಡಕೊಂಡು ಪಾವಟಿಗಿ ಇಳದು ಬರಾಕತ್ತಿದ್ರು. ದುಂಡವ್ವ ಸೆರಗು ಸರಿ ಮಾಡಿಕೊಂಡು ಆ ಕಡೆ ಮಾರಿ ತಿರಿವಿದ್ಲು. ಹಿಂದಿಂದ ಕಿರ್ ಕಿರ್ ಅಂತ ಸಪ್ಪಳ. ತಿರಗಿ ನೋಡತಾಳ, ಮಾನಿಂಗ ದೋಣಿಯ ಹಿಂಬದಿ ತಳದಾಗ ಬೈರಿಗಿ ತಿರುವಾಕತ್ತಾನ! ಚುಳ್ ಅಂತ ನೀರು ಚಿಮ್ಮಿತು!

ಕೂಗಾಕ ಬರಂಗಿಲ್ಲ, ಹಿರ್‍ಯಾರು ಎದರಿಗೇ ಅದಾರ. ದುಂಡವ್ವ ದಬಕ್ಕನ ಅಲ್ಲೇ ಕುಂತು ಬಲಗಾಲಿನ ಹಿಮ್ಮಡ ತೂತಿಗೆ ಒತ್ತಿದ್ಲು.

"ಎದ್ದು ಬಾ ದುಂಡವ್ವಾ, ವೀಳ್ಯಾ ತಗೋ. ಈ ವರ್ಷದ ದೋಣಿ ನಿಂದವಾ!"

"ಇಲ್ಲೇ ಕೊಡ್ರಿ ಯಪ್ಪಾ, ಕುಂತೇ ತಗೋತೇನಿ!"

"ಯಾಕವಾ, ಕಾಲಿಗೇನಾತು?"

"ಏನೂ ಇಲ್ರೀ! ಸಂತೋಷಕ್ಕ ಕಾಲೇ ಏಳವಲ್ಲವು!"

ಹಿರ್‍ಯಾರು ನಕ್ಕೋತ ಬಗ್ಗಿ ವೀಳ್ಯಾ ಕೊಟ್ರು. ದುಂಡವ್ವ ಎರಡೂ ಕೈಲೆ ಇಸಕೊಂಡು ಕಣ್ಣಿಗೆ ಒತ್ತಿಕೊಂಡ್ಲು. ಆಗ ಮಗ್ಗಲದಾಗ ಮಾನಿಂಗ, ಬೈರಿಗಿ ಕೈಯಾಗ ಹಿಡದು, ಮೆಲ್ಲಗ ಅಂದ:

"ಯವ್ವಾ, ಎಡಗಾಲು ಚೂರು ಆಚೆ ತಗಿ. ಕೊಂಡಿಗೆ ಇನ್ನೂ ಮೂರು ತೂತು ಹೊಡಿಯೋದೈತಿ."