ಉಪ್ಪು ನೀಡಿದ ಮನೆ

ಸಂಕನಹಾಳ ಎಂಬ ಊರಿನಲ್ಲಿ ಒಂದು ಮಠವಿತ್ತು. ಮಠ ಅಂದಕೂಡಲೇ ಗೋಪುರ, ಆನೆ, ಅಂಬಾರಿ ಅಂದುಕೊಳ್ಳಬೇಡಿ. ಮಣ್ಣಿನ ಗೋಡೆ, ಒಂದು ಪಡಸಾಲೆ, ಅಂಗಳದಲ್ಲಿ ಒಂದು ಬೇವಿನ ಮರ, ಅಷ್ಟೇ. ಅಲ್ಲಿ ಗುರುಪಾದಯ್ಯ ಎಂಬ ವಯಸ್ಸಾದ ಸ್ವಾಮಿಗಳಿದ್ದರು. ಊರಿಗೆಲ್ಲ ಅವರು ಅಜ್ಜಾರು. ಅವರ ಶಿಷ್ಯ ಮುರಿಗಯ್ಯ. ಮೀಸೆ ಬಲಿತ ಗಂಡಸು, ಓದು ಬರಹ ಚೆನ್ನಾಗಿ ಬಲ್ಲವ, ಅಜ್ಜಾರ ಮೇಲೆ ಜೀವವನ್ನೇ ಇಟ್ಟುಕೊಂಡವ. ಅವನಿಗೆ ಮಠದ ಎಲ್ಲ ಕೆಲಸವೂ ಇಷ್ಟ. ಬೇಡವಾದದ್ದು ಒಂದೇ, ಭಿಕ್ಷೆಗೆ ಹೋಗುವುದು.

ಆ ಮಠದಲ್ಲಿ ಒಲೆ ಹೂಡುವ ಪದ್ಧತಿ ಇರಲಿಲ್ಲ. ಹೊತ್ತೇರಿದ ಮೇಲೆ ಅಜ್ಜಾರು ಜೋಳಿಗೆ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. ಜೋಳಿಗೆಯೊಳಗೆ ಒಂದು ಹಿತ್ತಾಳೆ ಬೋಗುಣಿ. ಊರಿನ ಒಂದು ಮನೆಯನ್ನೂ ಬಿಡುವಂತಿಲ್ಲ, ಒಂದು ಮನೆಯಲ್ಲಿ ಒಂದು ತುತ್ತಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಒಬ್ಬಳು ಅರ್ಧ ಜೋಳದ ರೊಟ್ಟಿ ನೀಡಿದರೆ ಇನ್ನೊಬ್ಬಳು ಒಂದು ಚಮಚ ಪುಂಡಿಪಲ್ಯ ನೀಡುತ್ತಿದ್ದಳು. ಮತ್ತೊಂದು ಮನೆಯಲ್ಲಿ ಬಿಸಿ ನುಚ್ಚು, ಪಕ್ಕದ ಮನೆಯಲ್ಲಿ ಅದಕ್ಕೆ ಮಜ್ಜಿಗೆ. ಮಠಕ್ಕೆ ಬಂದು ಎಲ್ಲವನ್ನೂ ಕಲಸಿ, ಅರ್ಧವನ್ನು ಮುರಿಗಯ್ಯನಿಗೆ ಕೊಟ್ಟು, ಅಜ್ಜಾರು ಕಣ್ಣು ಮುಚ್ಚಿ ಉಣ್ಣುತ್ತಿದ್ದರು. ಅವರು ಉಣ್ಣುವುದನ್ನು ನೋಡಿದರೆ ಹೊಟ್ಟೆ ತುಂಬಿದವನಿಗೂ ಬಾಯಲ್ಲಿ ನೀರು ಬರುತ್ತಿತ್ತು.

"ಆಹಾ, ಇದು ನಿಂಗವ್ವನ ಪುಂಡಿಪಲ್ಯ. ಒಗ್ಗರಣ್ಯಾಗ ಬಳ್ಳೊಳ್ಳಿ ಕರ್ರಗ ಮಾಡ್ಯಾಳ ನೋಡು, ಮನ್ಯಾಗ ಕೂಸು ಅತ್ತಿರಬೇಕು. ಇದು ಗಾಣಿಗೇರ ರುದ್ರವ್ವನ ಅಗಸಿ ಹಿಂಡಿ. ಇವತ್ತ ಖಾರ ಕಡಿಮಿ ಐತಿ, ಆಕೀ ಮಾವಗ ಮತ್ತ ಹೊಟ್ಟಿ ನೋವು ಬಂದಿರಬೇಕು" ಅನ್ನುತ್ತಿದ್ದರು. ಆಮೇಲೆ ಸಂಜೆ ಹೊತ್ತಿಗೆ ರುದ್ರವ್ವನ ಮನೆಗೆ ಹೋಗಿ ಮಾವನನ್ನು ಮಾತಾಡಿಸಿ ಬರುತ್ತಿದ್ದರು.

ಆ ಊರಿನ ಹೆಣ್ಣುಮಕ್ಕಳಲ್ಲಿ ಇನ್ನೊಂದು ರೂಢಿ ಇತ್ತು. ಜೋಳಿಗೆ ಬಾಗಿಲಿಗೆ ಬಂದರೆ ಬರಿಗೈಯಲ್ಲಿ ಕಳಿಸಬಾರದು. ಕೆಲವೊಂದು ದಿನ ಕೆಲವೊಂದು ಮನೆಯವಳು ಒಳಗೆ ಹೋಗಿ, ಒಂದು ಚಿಟಿಕೆ ಹರಳುಪ್ಪು ತಂದು ಬೋಗುಣಿಗೆ ಹಾಕುತ್ತಿದ್ದಳು. ಅಜ್ಜಾರು ಅಲ್ಲಿಯವರೆಗೆ ಬಂದಿದ್ದ ರೊಟ್ಟಿ, ಪಲ್ಯ ತೆಗೆದು, "ಪ್ರಸಾದ ತಗೋ ತಂಗಿ" ಎಂದು ಅವಳ ಸೆರಗಿಗೆ ಹಾಕಿ ಮುಂದಿನ ಮನೆಗೆ ನಡೆಯುತ್ತಿದ್ದರು. ಮುರಿಗಯ್ಯ ಚಿಕ್ಕವನಿದ್ದಾಗ ಅಜ್ಜಾರ ಹಿಂದೆ ಹೋಗಿ ಇದನ್ನು ಎಷ್ಟೋ ಸಲ ನೋಡಿದ್ದ. ಇದೂ ಮಠದ ಒಂದು ಶಾಸ್ತ್ರ ಇರಬೇಕು ಅಂದುಕೊಂಡಿದ್ದ. ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಹೀಗಿರುವಾಗ ಅಜ್ಜಾರಿಗೆ ಜ್ವರ ಬಂತು. ಎದ್ದು ನಿಲ್ಲಲು ಮೊಣಕಾಲಿನಲ್ಲಿ ಶಕ್ತಿ ಇಲ್ಲ. "ಮುರಿಗಯ್ಯಾ, ನಾನು ಏಳೂತನಕ ನೀ ಹೋಗು. ಜೋಳಿಗಿ ಮಾತ್ರ ಗೂಟದಾಗ ತೂಗಬಾರದು, ಒಂದು ಮನಿನೂ ಬಿಡಬಾರದು" ಅಂದರು. ಮುರಿಗಯ್ಯ ತಲೆ ತಗ್ಗಿಸಿಕೊಂಡು ಹೊರಟ.

ಬಸ್ ನಿಲ್ದಾಣದ ಎದುರಿನ ಚಹಾ ಅಂಗಡಿಯಲ್ಲಿ ಅವನ ಜೊತೆ ಸಾಲಿ ಕಲಿತವರು ಕುಂತಿದ್ದರು. ಅವರಲ್ಲೊಬ್ಬ, "ಏನಪಾ ಮುರಿಗ್ಯಾ! ಸಾಲ್ಯಾಗ ಪೈಲಾ ನಂಬರ್ ಬರ್ತಿದ್ದಿ, ಈಗ ಮನಿ ಮನಿ ರೊಟ್ಟಿ ತುಣಕ ಕೂಡಸಾಕ ಹತ್ತಿಯೇನು?" ಎಂದು ನಕ್ಕ. ಉಳಿದವರೂ ನಕ್ಕರು. ಮುರಿಗಯ್ಯನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಅರ್ಧ ಊರು ತಿರುಗಿ, ಸಿಕ್ಕಷ್ಟು ಹಿಡಿದುಕೊಂಡು ಮಠಕ್ಕೆ ಬಂದುಬಿಟ್ಟ.

ಅಂದು ಸಂಜೆ ರೈತರ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿಯ ಈರಸಂಗಪ್ಪ ಸಾಹುಕಾರ ಅಜ್ಜಾರನ್ನು ನೋಡಲು ಬಂದ. ಒಳ್ಳೆಯ ಮನುಷ್ಯ. ಹೊರಡುವಾಗ ಮುರಿಗಯ್ಯನನ್ನು ಬೇವಿನ ಮರದ ಹತ್ತಿರ ಕರೆದು, "ಜ್ವರ ಬಂದ ಮುದುಕರಿಗೆ ಹತ್ತು ಮನಿ ಚೂರುಪಾರು ಉಣಸ್ತೀಯಲ್ಲೋ! ನಮ್ಮ ಮನ್ಯಾಗ ಅಡಗಿಯವ ಅದಾನ. ನಾಳಿಂದ ಬುತ್ತಿ ಕಳಸ್ತೀನಿ. ಬಿಸಿ ಅನ್ನ, ತುಪ್ಪ, ಹೋಳಿಗಿ, ಏನ ಬೇಕೋ ಹೇಳು" ಅಂದ.

ಮುರಿಗಯ್ಯನ ಎದೆ ಮೇಲಿನ ಕಲ್ಲು ಇಳಿದಂತಾಯಿತು. ಗುರುಗಳ ಮೈಗೂ ಒಳ್ಳೆಯದು, ತನ್ನ ಮಾನಕ್ಕೂ ಒಳ್ಳೆಯದು. ಆದರೆ ಒಂದೇ ಮನೆಯ ಊಟ ಅಂದರೆ ಅಜ್ಜಾರು ಮುಟ್ಟುವುದಿಲ್ಲ. ಅದಕ್ಕವನು ಒಂದು ಉಪಾಯ ಹೂಡಿದ. ಮಧ್ಯಾಹ್ನ ಜೋಳಿಗೆ ಹಾಕಿಕೊಂಡು ಹೊರಟಂತೆ ಮಾಡಿ ಹಿತ್ತಿಲಿಗೆ ಹೋಗುತ್ತಿದ್ದ. ಸಾಹುಕಾರನ ಆಳು ಅಲ್ಲಿಗೇ ಬುತ್ತಿ ತಂದು ಕೊಡುತ್ತಿದ್ದ. ಮುರಿಗಯ್ಯ ಒಳ್ಳೊಳ್ಳೆಯ ರೊಟ್ಟಿಗಳನ್ನು ಚೂರು ಚೂರು ಮುರಿದು, ಪಲ್ಯ, ಅನ್ನ, ಮೊಸರು ಎಲ್ಲ ಕಲಸಿ, ಇಪ್ಪತ್ತು ಮನೆಯ ಭಿಕ್ಷೆಯಂತೆ ಕಾಣುವ ಹಾಗೆ ಬೋಗುಣಿಗೆ ತುಂಬುತ್ತಿದ್ದ. ಹೊತ್ತು ಕಳೆಯಲು ಸ್ವಲ್ಪ ಹೊತ್ತು ಬಾವಿಕಟ್ಟೆಯ ಮೇಲೆ ಕೂತು, ಆಮೇಲೆ ಮುಂಬಾಗಿಲಿನಿಂದ ಒಳಗೆ ಬರುತ್ತಿದ್ದ.

ಜ್ವರದಲ್ಲಿ ಅಜ್ಜಾರ ನಾಲಿಗೆ ಕೆಟ್ಟಿತ್ತು. ನಾಲ್ಕು ತುತ್ತು ಉಂಡು ಕೈ ಬಿಡುತ್ತಿದ್ದರು. ಕೈ ತೊಳೆಯುವ ಮೊದಲು ಒಂದು ಮಾತು ಕೇಳುತ್ತಿದ್ದರು.

"ಎಲ್ಲಾ ಮನೀಗೂ ಹೋಗಿದ್ದಿಯೇನೋ?"

"ಹೋಗಿದ್ನ್ರೀ ಅಜ್ಜಾರ."

"ಕೊನೀ ಓಣಿ ನೇಕಾರ ಕಾಶವ್ವ ಏನ ನೀಡಿದಳು?"

"ರೊಟ್ಟಿ ನೀಡಿದಳ್ರೀ."

"ಸದ್ಯ, ಒಲಿ ಹತ್ತೇತಿ" ಅಂದು ಅಜ್ಜಾರು ಸಮಾಧಾನದಿಂದ ಮಲಗುತ್ತಿದ್ದರು. ಮರುದಿನವೂ ಅದೇ ಪ್ರಶ್ನೆ, ಅದೇ ಸುಳ್ಳು. ಯಾರಿಗೂ ಕೇಡಿಲ್ಲದ ಸುಳ್ಳು ಅಂತ ಮುರಿಗಯ್ಯ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಕೊನೆಗೊಂದು ದಿನ ಜ್ವರ ಬಿಟ್ಟಿತು. ಅಜ್ಜಾರು ಗೋಡೆಗೆ ಒರಗಿ ಕೂತು, "ಇವತ್ತ ಹಸಿವಿ ಆಗೇತಿ ನೋಡಪಾ" ಅಂದರು. ಮುರಿಗಯ್ಯ ಖುಷಿಯಿಂದ ಬೋಗುಣಿ ಮುಂದಿಟ್ಟ. ಅಜ್ಜಾರು ಕಣ್ಣು ಮುಚ್ಚಿ ಮೊದಲ ತುತ್ತು ಬಾಯಿಗಿಟ್ಟರು. ಅಗಿಯುತ್ತಿದ್ದ ದವಡೆ ನಿಂತಿತು. ಇನ್ನೊಂದು ತುತ್ತು ಬೇರೆ ಮೂಲೆಯಿಂದ ತೆಗೆದು ನೋಡಿದರು. ಆಮೇಲೆ ಕಣ್ಣು ತೆರೆದರು.

"ಮುರಿಗಯ್ಯಾ, ಇದರಾಗ ಒಂದ ಕೈ ಐತಿ. ನನ್ನ ಊರು ಎಲ್ಲಿ ಹೋತು?"

ಮುರಿಗಯ್ಯ ಅವರ ಕಾಲ ಮೇಲೆ ಬಿದ್ದ. ಚಹಾ ಅಂಗಡಿಯ ನಗು, ಸಾಹುಕಾರನ ಬುತ್ತಿ, ಹಿತ್ತಿಲು, ಎಲ್ಲವನ್ನೂ ಹೇಳಿದ. ಅಜ್ಜಾರು ಬೈಯಲಿಲ್ಲ. ಆದರೆ ಅವರ ಮುಖ ಬಿಳಿಚಿಕೊಂಡಿತು.

"ಕಾಶವ್ವ ರೊಟ್ಟಿ ನೀಡಿದ್ದು?"

"ಅದೂ ಸುಳ್ಳರೀ."

ಅಜ್ಜಾರು ಏಳಲು ಹೋದರು, ಕಾಲು ಮಾತು ಕೇಳಲಿಲ್ಲ. "ಆಕೀ ಗಂಡ ಮಗ್ಗದ ಕೆಲಸ ಹುಡುಕಿಕೊಂಡು ಹೋದಾವ, ಸುದ್ದಿನ ಇಲ್ಲೋ! ಮನ್ಯಾಗ ಮುದುಕಿ, ಎರಡು ಕೂಸು. ನನಗ ಜ್ವರ ಬರೂದರೊಳಗ ದಿನಾ ಉಪ್ಪು ಹಾಕಾಕ ಹತ್ತಿದ್ದಳು. ಓಡು. ಈ ಬೋಗುಣ್ಯಾಗಿಂದೂ ತಗೋ, ದಾರ್ಯಾಗ ನೀಡಿದ್ದೂ ತಗೋ. ಎಲ್ಲಾ ಅಲ್ಲೇ ಕೊಟ್ಟ ಬಾ."

"ಉಪ್ಪು ಅಂದ್ರ..." ಅಂತ ಮುರಿಗಯ್ಯ ತಡವರಿಸಿದ.

"ಮನ್ಯಾಗ ಏನೂ ಬೇಯಿಸಿರದ ದಿನ ಹೆಣ್ಮಕ್ಕಳು ಉಪ್ಪು ಹಾಕ್ತಾರೋ, ಹುಚ್ಚಪ್ಪಾ! ಬಾಯಿ ಬಿಟ್ಟ ಹೇಳಾಕ ಆಗೂದಿಲ್ಲ ಅವರಿಗೆ. ಊರು ತಿರುಗೂದು ನನ್ನ ಒಂದು ಹೊಟ್ಟಿಗೆ ಅಂತ ತಿಳಿದಿದ್ದಿಯೇನು?"

ಮುರಿಗಯ್ಯ ಓಡಿದ. ಓಣಿಯ ಹೆಣ್ಣುಮಕ್ಕಳು ಬಾಗಿಲಿಗೆ ಬಂದರು. "ಅಯ್ಯ, ಈಗರೆ ಬಂದ್ರ್ಯಾ! ದಿನಾ ಒಂದು ತುತ್ತು ಎತ್ತಿಟ್ಟು ಕಾದು ಕಾದು ಆಕಳಿಗೆ ಹಾಕ್ತಿದ್ವಿ ನೋಡ್ರಿ" ಅಂದಳು ನಿಂಗವ್ವ. ಹಂಚಿನ ಮೇಲೆ ಉಬ್ಬಿದ್ದ ರೊಟ್ಟಿಯನ್ನು ಹಾಗೇ ಎತ್ತಿ ಹಾಕಿದಳು. ರುದ್ರವ್ವ ನುಚ್ಚು ನೀಡಿ, ಮೇಲೆ ಮಜ್ಜಿಗೆ ಸುರಿದಳು. ಚಹಾ ಅಂಗಡಿಯ ಮುಂದೆ ಹಾದುಹೋಗುವಾಗ ಯಾರೋ ಏನೋ ಅಂದರು. ಮುರಿಗಯ್ಯನ ಕಿವಿಗೆ ಅದು ಬೀಳಲೇ ಇಲ್ಲ.

ಕಾಶವ್ವನ ಮನೆಯಲ್ಲಿ ಮಗ್ಗ ಸುಮ್ಮನಿತ್ತು. ಮಗ್ಗದ ಕುಣಿಯ ಪಕ್ಕ ಇಬ್ಬರು ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ಕೂತಿದ್ದರು. ಮೂಲೆಯಲ್ಲಿ ಚಾಪೆಯ ಮೇಲೆ ಅತ್ತೆ ಮಲಗಿದ್ದಳು. ಇದ್ದ ಬದ್ದ ಹಿಟ್ಟಿನ ಅಂಬಲಿಯನ್ನು ಮೊಮ್ಮಕ್ಕಳಿಗೆ ಬಿಟ್ಟು, ನೀರು ಕುಡಿದು ಮಲಗಿದ ಮುದುಕಿ ಅವಳು. ಜೋಳಿಗೆ ಕಂಡಕೂಡಲೇ ಕಾಶವ್ವ ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಮುಷ್ಟಿ ಮುಚ್ಚಿಕೊಂಡು ಬಂದು, ಬೋಗುಣಿಗೆ ಉಪ್ಪು ಹಾಕಿದಳು.

"ದಿನಾ ಈ ಹೊತ್ತಿಗೆ ಉಪ್ಪು ಹಿಡಕೊಂಡು ಬಾಗಿಲದಾಗ ನಿಂತಿರತಿದ್ದೆ, ಸ್ವಾಮ್ಯಾರ. ಬೆವರಿಗೆ ಕೈಯಾಗ ಕರಗಿ ಹೋಗತಿತ್ತು" ಅಂದಳು.

"ಮಠಕ್ಕರೆ ಬರಬಾರದಿತ್ತೇನವ್ವಾ?"

"ಬಂದಿದ್ದೆ. ಸಾಹುಕಾರ್ರ ಆಳು ಬುತ್ತಿ ತಗೊಂಡು ಹಿತ್ತಲಕ್ಕ ಹೋಗೂದು ಕಂಡೆ. ನಮ್ಮನಿ ಉಪ್ಪು ಮಠಕ್ಕ ಇನ್ನ ಬ್ಯಾಡಾತು ಅಂದಕೊಂಡು ಹೊಳ್ಳಿ ಬಂದೆ."

ಕಣ್ಣೀರು ಒರೆಸಿಕೊಳ್ಳಲೂ ಮುರಿಗಯ್ಯನಿಗೆ ತೋಚಲಿಲ್ಲ. "ಪ್ರಸಾದ ತಗೋರವ್ವಾ" ಎಂದು ಜೋಳಿಗೆಯನ್ನೇ ಅವಳ ಮುಂದೆ ಬಿಚ್ಚಿಟ್ಟ. ಮಕ್ಕಳು ಬಿಸಿ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಿಂದರು. ಅವನು ಮಜ್ಜಿಗೆ ನುಚ್ಚನ್ನು ತೆಳ್ಳಗೆ ಕಲಸಿ, ಮುದುಕಿಯ ತಲೆ ಎತ್ತಿ ಹಿಡಿದು, ತುಟಿಗೆ ಒಯ್ದ. ಮುದುಕಿ ಬಾಯಿ ಬಿಗಿದಳು.

"ಅಜ್ಜಾರು ಉಂಡ್ರೇನಪಾ?"

ಮುರಿಗಯ್ಯ ತುತ್ತನ್ನು ತುಟಿಯ ಹತ್ತಿರವೇ ಹಿಡಿದ. "ಇಲ್ಲ ಆಯೀ. ನೀವು ಉಂಡ್ರ ಅವರು ಉಣತಾರ" ಅಂದ. ಬಹಳ ದಿನದ ಮೇಲೆ ಅವನು ಆಡಿದ ನಿಜ ಅದು.

ಮುದುಕಿ ಬಾಯಿ ತೆರೆದಳು. ಎರಡು ತುತ್ತು ಇಳಿದ ಮೇಲೆ ಅವಳ ಮುಖಕ್ಕೆ ಸ್ವಲ್ಪ ಕಳೆ ಬಂತು. ತುಟಿ ಸವರಿಕೊಂಡು, "ಮಜ್ಜಿಗಿ ರುದ್ರವ್ವಂದಲ್ಲಾ? ಹುಳಿ ಮ್ಯಾಲ ಗೊತ್ತಾತು" ಅಂದಳು. ಮುರಿಗಯ್ಯ ಹೌದೆಂದು ತಲೆಯಾಡಿಸಿ ಇನ್ನೊಂದು ತುತ್ತು ಕಲಸಿದ.

ಅವನು ಮಠಕ್ಕೆ ಮರಳಿದಾಗ ಬೋಗುಣಿಯಲ್ಲಿ ಕಾಶವ್ವ ಹಟ ಹಿಡಿದು ಹಿಂದಕ್ಕೆ ಹಾಕಿದ ಒಂದು ತುಣುಕು ರೊಟ್ಟಿ, ಅದರ ಮೇಲೆ ಅವಳು ಮತ್ತೆ ಹಾಕಿದ ಒಂದು ಚಿಟಿಕೆ ಉಪ್ಪು, ಅಷ್ಟೇ ಇತ್ತು. ಮುದುಕಿ ಉಂಡಳು ಅಂತ ಕೇಳಿದ ಮೇಲೆ ಅಜ್ಜಾರು ಆ ತುಣುಕನ್ನು ಎರಡು ಮಾಡಿದರು. ಒಂದನ್ನು ಉಪ್ಪಿಗೆ ಅದ್ದಿ ತಾವು ಬಾಯಿಗಿಟ್ಟುಕೊಂಡರು, ಇನ್ನೊಂದನ್ನು ಮುರಿಗಯ್ಯನ ಕೈಗಿತ್ತರು. "ಈಗ ರುಚಿ ಬಂತು ನೋಡು" ಅಂದರು. ಮುರಿಗಯ್ಯ ಅಳುತ್ತಲೇ ತಿಂದ.

ಮರುದಿನದಿಂದ ಅವನೇ ಜೋಳಿಗೆ ಹೊತ್ತ. ಒಂದು ಮನೆಯನ್ನೂ ಬಿಡಲಿಲ್ಲ. ಸಂಗತಿ ತಿಳಿದ ಈರಸಂಗಪ್ಪ ಬುತ್ತಿ ಕಳಿಸುವುದನ್ನು ನಿಲ್ಲಿಸಿ, ಉಳಿದವರಂತೆ ತನ್ನ ಬಾಗಿಲಲ್ಲೇ ನಿಂತು ಒಂದು ತುತ್ತು ನೀಡತೊಡಗಿದ. ಕಾಶವ್ವ ದಿನವೂ ಉಪ್ಪು ಹಾಕುತ್ತಿದ್ದಳು, ಮುರಿಗಯ್ಯ ದಿನವೂ ಪ್ರಸಾದ ಕೊಡುತ್ತಿದ್ದ. ಅಜ್ಜಾರು ಕೇಳಿದರೆ, "ಉಪ್ಪು ಹಾಕಿದಳ್ರೀ" ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಿದ್ದ.

ಸುಗ್ಗಿಯ ಹೊತ್ತಿಗೆ ಅವಳ ಗಂಡ ನೂಲಿನ ಗಂಟು ಹೊತ್ತು ಊರಿಗೆ ಬಂದ. ಒಂದು ಮಧ್ಯಾಹ್ನ ಮುರಿಗಯ್ಯ ಕೊನೆಯ ಓಣಿಗೆ ಹೋದಾಗ ಮಗ್ಗದ ಸಪ್ಪಳ ಕೇಳಿಸಿತು. ಅಂದು ಅವನು ಮಠಕ್ಕೆ ಬಂದು ಬೋಗುಣಿ ಇಟ್ಟು, ಅಜ್ಜಾರು ಕೇಳುವುದನ್ನೇ ಕಾದು ಕೂತ.

"ಕೊನೀ ಓಣಿ ಕಾಶವ್ವ ಏನ ನೀಡಿದಳೋ?"

"ರೊಟ್ಟಿ ನೀಡಿದಳ್ರೀ ಅಜ್ಜಾರ" ಅಂದ ಮುರಿಗಯ್ಯ. ಇನ್ನೂ ಬಿಸಿಯಾಗಿದ್ದ ಆ ಚೂರನ್ನು ಎತ್ತಿ ಅವರ ಕೈಯಲ್ಲಿಟ್ಟ.

ಅಜ್ಜಾರು ಕಣ್ಣು ಮುಚ್ಚಿ ಅದನ್ನು ನಿಧಾನಕ್ಕೆ ಅಗಿದರು. "ಸದ್ಯ, ಒಲಿ ಹತ್ತೇತಿ" ಅಂದರು.

ನೀತಿ: ಉಣ್ಣುವಾಗ ತುತ್ತಿನ ರುಚಿಯ ಜೊತೆಗೆ ಅದನ್ನು ನೀಡಿದ ಕೈಯನ್ನೂ ನೆನೆಯಿರಿ. ಯಾವ ಮನೆಯಲ್ಲಿ ಇವತ್ತು ಒಲೆ ಹತ್ತಿಲ್ಲವೋ ಆ ಮನೆಗೆ ನೀವಾಗಿಯೇ ಹೋಗಿ. ಅವರು ಬಾಯಿಬಿಟ್ಟು ಕೇಳಲಿ ಅಂತ ಕಾಯಬೇಡಿ.