ಅಧ್ಯಕ್ಷರಿಗೆ ಉಡಿ ತುಂಬಿದ್ದು

ನಮ್ಮ ಜಾಲಿಕೊಪ್ಪದ ಮಠಕ್ಕೆ ಗೋಪುರವಿಲ್ಲ, ಗಂಟೆಯಿಲ್ಲ. ತಗಡಿನ ಎರಡು ಕೋಣೆ, ಅಂಗಳದಲ್ಲೊಂದು ಬೇವಿನ ಮರ, ಅದರ ಬುಡದಲ್ಲಿ ಹಳೆಯ ಸೀರೆಗಳ ಗಂಟು ಬಿಚ್ಚಿಕೊಂಡು ಕೌದಿ ಹೊಲಿಯುತ್ತ ಕುಳಿತ ಪೂಜ್ಯ ಶ್ರೀ ಮಡಿವಾಳಮ್ಮ ತಾಯಿಯವರು. ಇಷ್ಟೇ ಮಠ. ಸುತ್ತಲಿನ ಏಳು ಹಳ್ಳಿಗಳಲ್ಲಿ ಕಲ್ಲಿನ ಮಠಗಳುಂಟು, ಬೆಳ್ಳಿ ಪಲ್ಲಕ್ಕಿಯ ಮಠವೂ ಉಂಟು. ಇಂಥ ಅವ್ವನವರು ಆ ಏಳರಲ್ಲಿ ಒಂದಕ್ಕೂ ಇಲ್ಲ. ಬೇಕಾದರೆ ಆ ಮಠಗಳ ಬಾಗಿಲಲ್ಲೇ ನಿಂತು ಈ ಮಾತು ಹೇಳುತ್ತೇನೆ.

ಶ್ರಾವಣದ ಕಡೆಯ ಸೋಮವಾರ ಅವ್ವನವರು ಊರ ಹೆಣ್ಣುಮಕ್ಕಳಿಗೆ ಉಡಿ ತುಂಬುತ್ತಾರೆ. ಸೆರಗಿನೊಳಗೆ ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಒಣದ್ರಾಕ್ಷಿ, ಮೇಲೊಂದು ಕುಪ್ಪಸದ ಕಣ. ಬೇರೆ ಕಡೆ ಈ ಮರ್ಯಾದೆ ಮುತ್ತೈದೆಯರಿಗಷ್ಟೇ. ಇಲ್ಲಿ ಗಂಡ ತೀರಿಕೊಂಡವರಿಗೂ ಉಂಟು, ಗಂಡ ಬಿಟ್ಟವರಿಗೂ ಉಂಟು, ಮದುವೆಯೇ ಬೇಡವೆಂದ ನಮ್ಮ ಶಾಲೆಯ ಟೀಚರಮ್ಮನಿಗೂ ಉಂಟು. ಪರವೂರಿನ ಶಾಸ್ತ್ರಿಗಳೊಬ್ಬರು, ಇದು ಯಾವ ಪದ್ಧತಿಯೆಂದು ಒಮ್ಮೆ ಕೇಳಿದರಂತೆ. ಅವ್ವನವರು ಸೂಜಿಗೆ ದಾರ ಪೋಣಿಸುತ್ತಲೇ, "ಒಡ್ಡಿದ ಉಡಿ ಖಾಲಿ ಕಳಸಬಾರದು, ಅಷ್ಟ" ಎಂದರಂತೆ. ಶಾಸ್ತ್ರಿಗಳು ಪ್ರಸಾದ ಉಂಡು ಹೋದರಂತೆ.

ಇದು ಕೇಳಿದ ಮಾತು. ಇನ್ನು ಹೇಳುವುದು ನನ್ನ ಮೈಮೇಲೆ ನಡೆದದ್ದು.

ನಾನು ಫಕೀರೇಶ. ಇಕ್ಕಟ್ಟಾದ ಓಣಿಯಲ್ಲಿ ಟ್ರೇಲರ್ ಸಮೇತ ಟ್ರ್ಯಾಕ್ಟರನ್ನು ಹಿಂದಕ್ಕೆ ತರುವುದರಲ್ಲಿ ನನ್ನ ಸರಿಸಮ ಇನ್ನೂ ಹುಟ್ಟಿಲ್ಲ. ನಮ್ಮ ಪಂಚಾಯ್ತಿಯ ಅಧ್ಯಕ್ಷ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾದಾಗ ನನ್ನ ಹೆಂಡತಿಯನ್ನು ನಿಲ್ಲಿಸಿದೆ. ಆಕೆ ಗೆದ್ದಳು, ಅಧ್ಯಕ್ಷೆಯೂ ಆದಳು. ಗೆದ್ದವನು ನಾನೇ ಎಂದು ನಾನು ತಿಳಿದೆ. ಬೈಕಿನ ಮುಂದೆ ಕೆಂಪು ಅಕ್ಷರದಲ್ಲಿ 'ಅಧ್ಯಕ್ಷರು' ಎಂದು ಬರೆಸಿದೆ. ಪಂಚಾಯ್ತಿಯ ಕುರ್ಚಿಯಲ್ಲಿ ನಾನು ಕೂಡುತ್ತಿದ್ದೆ. ಕಾಗದಗಳು ಸಂಜೆ ನನ್ನ ಜೇಬಿನಲ್ಲಿ ಮನೆಗೆ ಬರುತ್ತಿದ್ದವು, ನಾನು ಬೆರಳಿಟ್ಟ ಕಡೆ ಆಕೆ ಸಹಿ ಹಾಕುತ್ತಿದ್ದಳು. ಹಿಟ್ಟಿನ ಕೈಯ ಗುರುತು ನಮ್ಮ ಪಂಚಾಯ್ತಿಯ ಎಷ್ಟು ಠರಾವುಗಳ ಮೇಲಿದೆಯೋ ಲೆಕ್ಕವಿಲ್ಲ.

ಆ ಶ್ರಾವಣದಲ್ಲಿ ಜಗ್ಗಾಟ ನಡೆದಿದ್ದು ಪಂಚಾಯ್ತಿಯ ಹಿಂದಿನ ಹಳೆಯ ಕೋಣೆಗೆ. ಹೆಣ್ಣುಮಕ್ಕಳ ಸಂಘದವರು ಕೈಯಿಂದ ತಿರುವುವ ಶಾವಿಗೆ ಯಂತ್ರವೊಂದನ್ನು ತಂದಿದ್ದರು. ಇಡಲು ಜಾಗವಿಲ್ಲದೆ ಅದು ಮಠದ ಅಂಗಳದಲ್ಲಿ ತಾಡಪತ್ರಿ ಹೊದ್ದು ಕೂತಿತ್ತು. ಶಾವಿಗೆ ಒಣಹಾಕಿದಾಗಲೆಲ್ಲ ಮಳೆ ಬರುತ್ತಿತ್ತು. ಆ ಕೋಣೆ ತಮಗೆ ಬೇಕೆಂದು ಅವರು ಮೂರು ಸಲ ಅರ್ಜಿ ಕೊಟ್ಟಿದ್ದರು. ನಾನೋ, ಅಲ್ಲಿ ಜಿಮ್ ಮಾಡಬೇಕೆಂದು ಗೆಳೆಯರಿಗೆ ಮಾತು ಕೊಟ್ಟಿದ್ದೆ. ಕಡೆಯ ಸೋಮವಾರದ ಮರುದಿನ ಸಭೆ. ಜಿಮ್ಮಿನ ಠರಾವು ನನ್ನ ಜೇಬಿನಲ್ಲಿತ್ತು, ಸಹಿಯೊಂದು ಬಾಕಿ.

ಅಷ್ಟರಲ್ಲಿ ಸಂಘದ ಹಿರಿಯಳು ತಿಪ್ಪವ್ವ ಬಂದು ಅವ್ವನವರ ಅಪ್ಪಣೆ ತಿಳಿಸಿದಳು: ಸೋಮವಾರ ಅಧ್ಯಕ್ಷರು ಮಠಕ್ಕೆ ಬರಬೇಕು, ಮರ್ಯಾದೆ ಮಾಡುವುದಿದೆ. ಮರ್ಯಾದೆ ಎಂದರೆ ಶಾಲು, ಹಾರ, ಫೋಟೊ. ನಾನು ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಜರಿಯಂಚಿನ ಶಲ್ಯ ಹಾಕಿ ಬೈಕು ಹತ್ತಿದೆ. ಹೆಂಡತಿ ಒಲೆಯ ಮುಂದಿದ್ದಳು. ನಾನೂ ಬರಲೇನು ಎಂದು ಕೇಳಿದಳು. ರೊಟ್ಟಿ ಬಡಿ ಎಂದೆ.

ಅಂಗಳದ ತುಂಬ ಹೆಣ್ಣುಮಕ್ಕಳು. ಅವ್ವನವರು ಸೂಜಿ ಬದಿಗಿಟ್ಟು ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ನೋಡಿದರು.

"ಅಧ್ಯಕ್ಷರು ಎಲ್ಲಿ ಅದಾರ?"

"ನಾನ ರೀ, ಅವ್ವಾ. ಹೆಸರು ಅಷ್ಟ ಆಕೀದು, ಅಧಿಕಾರ ಎಲ್ಲಾ ನಂದ. ಏನ ಮಾಡೂದಿದ್ರೂ ನನಗ ಮಾಡ್ರಿ."

ಅವ್ವನವರ ಮುಖದಲ್ಲಿ ನಗೆಯಿರಲಿಲ್ಲ, ಸಿಟ್ಟೂ ಇರಲಿಲ್ಲ. ದೇವರ ಮೇಲಾಣೆ, ಭಕ್ತಿಯಿತ್ತು. "ಹಂಗಾದರ ಕೂಡ್ರಿ, ಅಧ್ಯಕ್ಷರ" ಎಂದು ಮಣೆ ತೋರಿಸಿದರು.

ಕುಳಿತೆ. ಅವ್ವನವರು ಹಣೆಗೆ ವಿಭೂತಿ ಇಟ್ಟರು, ಸರಿ. ಕುಂಕುಮ ಇಟ್ಟರು, ಇರಲಿ. ಗಲ್ಲಕ್ಕೆ ಅರಿಶಿನ ಸವರಿದಾಗ ನನಗೆ ಸ್ವಲ್ಪ ಅನುಮಾನ ಬಂತು. ಹೂವಿನ ಮಾಲೆ ಮುಡಿಸಲು ನನ್ನ ಕೂದಲು ಸಾಲಲಿಲ್ಲ, ಕಿವಿಗೆ ಸಿಕ್ಕಿಸಿದರು. ತಿಪ್ಪವ್ವ ನನ್ನ ಶಲ್ಯವನ್ನು ತೆಗೆದು ಸೊಂಟಕ್ಕೆ ಕಟ್ಟಿ, ಎರಡು ತುದಿ ಹಿಡಿದು ಉಡಿ ಮಾಡಿದಳು. ಅವ್ವನವರು ಒಂದು ಬೊಗಸೆ ಅಕ್ಕಿ ಸುರಿದಾಗ ಎಲ್ಲವೂ ತಿಳಿಯಿತು. ಏಳಬಹುದಿತ್ತು. ಆದರೆ ಅವ್ವನವರ ಕೈ ತಡೆಯುವ ಗಂಡಸು ನಮ್ಮ ಊರಲ್ಲಿಲ್ಲ, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ. ಐದು ಬೊಗಸೆಯೂ ಬಿತ್ತು. ಕೊಬ್ಬರಿ ಬಿತ್ತು, ಉತ್ತತ್ತಿ ಬಿತ್ತು. ಮೇಲೆ ಹಸಿರು ಕುಪ್ಪಸದ ಕಣ.

ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿ ಹಿಡಿದಿದ್ದರು. ತಿಪ್ಪವ್ವ ಮಾತ್ರ ಗಂಭೀರಳಾಗಿ, ಉಡಿ ತುಂಬಿಸಿಕೊಂಡವರು ಒಡಪು ಹೇಳಬೇಕೆಂದು ನೆನಪಿಸಿದಳು. ನಮ್ಮ ಕಡೆ ಅದು ಕಟ್ಟಳೆ. ಗಂಡನ ಹೆಸರನ್ನು ಬರಿದೆ ಬಾಯಲ್ಲಿ ಹೇಳದ ಹೆಂಗಸರು ಆವತ್ತು ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳುತ್ತಾರೆ. ನಾನು ಹೇಳಬೇಕಾದದ್ದು ಹೆಂಡತಿಯ ಹೆಸರು.

ಎಂಟು ವರ್ಷದ ಸಂಸಾರ. ಆಕೆಯ ಹೆಸರನ್ನು ಕಾಗದದ ಮೇಲೆ ದಿನಾ ನೋಡಿದ್ದೆ. ಬಾಯಿಂದ ಅಂದಿರಲಿಲ್ಲ. "ಏ, ಕೇಳಿತೇನ" ಎಂದರೆ ಆಕೆ ಬರುತ್ತಿದ್ದಳು; ಹೆಸರು ಹಿಡಿದು ಕರೆಯುವವನನ್ನು ನಾವು ಗೆಳೆಯರು ಕಟ್ಟೆಯ ಮೇಲೆ ಕೂತು ಆಡಿಕೊಳ್ಳುತ್ತಿದ್ದೆವು. ಈಗ ಕಿವಿಯ ಹೂವನ್ನು ಸರಿಮಾಡಿಕೊಂಡೆ. ಕಡೆಗೆ, "ನಮ್ಮ ಮನಿಯಾಕಿ" ಎಂದೆ.

"ಮನಿಯಾಕಿ ಅಂದರ ಯಾರಂತ ತಿಳೀಬೇಕ್ರಿ?" ಎಂದಳು ತಿಪ್ಪವ್ವ. "ನಿಮ್ಮ ಮನಿಯಾಗ ಎಮ್ಮಿನೂ ಐತಿ."

ಇಡೀ ಅಂಗಳ ಸೆರಗು ಬಿಟ್ಟು ನಕ್ಕಿತು. ಬೇವಿನ ಮರದ ಕಾಗೆಗಳೆಲ್ಲ ಎದ್ದು ಹಾರಿದವು. ಅವ್ವನವರು ಕೈಯೆತ್ತಿದರು. ನಗೆ ನಿಂತಿತು.

"ಕಾಡಬ್ಯಾಡ್ರವ್ವ. ಹೆಸರ ಮನ್ಯಾಗ ಬಿಟ್ಟು ಬಂದಾರ. ಹೋಗಿ ಕರಕೊಂಡು ಬರ್ತಾರ."

ನಾನು ಉಡಿ ಬಿಚ್ಚಲು ಹೋದೆ. ತುಂಬಿದ ಉಡಿಯನ್ನು ದಾರಿಯಲ್ಲಿ ಇಳಿಸಬಾರದೆಂದು ತಿಪ್ಪವ್ವ ಕೈ ಹಿಡಿದಳು. ಎರಡೂ ಕೈ ಉಡಿಗೆ ಬೇಕು, ಬೈಕಿಗೆ ಮೂರನೆಯ ಕೈ ಎಲ್ಲಿಂದ ತರಲಿ? 'ಅಧ್ಯಕ್ಷರು' ಮಠದ ಮುಂದೆಯೇ ನಿಂತಿತು, ನಾನು ನಡೆದೆ.

ನಮ್ಮ ಮನೆಗೆ ಹೋಗಲು ಆ ಕಟ್ಟೆಯನ್ನು ದಾಟಲೇಬೇಕು. ಜಿಮ್ಮಿನ ಗೆಳೆಯರು ನಾಲ್ವರೂ ಅಲ್ಲಿದ್ದರು. ಗಲ್ಲದ ಅರಿಶಿನ ನೋಡಿದರು, ಕಿವಿಯ ಹೂ ನೋಡಿದರು, ಹೊಟ್ಟೆಯ ಮುಂದಿನ ಗಂಟು ನೋಡಿದರು. ಯಾರೂ ನಗಲಿಲ್ಲ. ಬಹಳ ಕಾಳಜಿಯಿಂದ ಒಬ್ಬ ಕೇಳಿದ, "ಅಣ್ಣಾ, ಎಷ್ಟ ತಿಂಗಳಾತು?" ಇನ್ನೊಬ್ಬ, ಭಾರ ಹೊತ್ತು ಬಿಸಿಲಿಗೆ ನಡೆಯಬಾರದೆಂದು ಬುದ್ಧಿ ಹೇಳಿದ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗದ ನಾನು ಆವತ್ತು ತಲೆಯೆತ್ತಲಿಲ್ಲ.

ಆದರೆ ಆ ತಲೆ ತಗ್ಗಿಸಿದ ದಾರಿಯಲ್ಲೇ ಒಂದು ಮಾತು ನನ್ನೊಳಗೆ ಹೊಕ್ಕಿತು. ಉಡಿ ಭಾರವಿತ್ತು. ಬೇರೆಯವರದನ್ನು ಹೊತ್ತಿದ್ದೇನೆ, ಅದಕ್ಕೇ ಇಷ್ಟು ಭಾರ.

ಆಕೆ ಇನ್ನೂ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಕೈ ನಿಂತಿತು.

"ಅವ್ವಾರು ನಿನ್ನ ಕರದಾರ" ಎಂದೆ.

"ಮೊದಲೂ ನನ್ನ ಕರದಿದ್ರು. ನೀವು ಹೋದ್ರಿ."

ನಾನು ಹೊಸ್ತಿಲಲ್ಲಿ ನಿಂತೆ. ಉಡಿಯ ಅಕ್ಕಿ ಬೆರಳ ಸಂದಿಯಿಂದ ಒಂದೊಂದೇ ಕಾಳು ಜಾರುತ್ತಿತ್ತು.

"ದಾಕ್ಷಾಯಣಿ" ಎಂದೆ.

ತವೆಯ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂತು. ಆಕೆ ತಿರುವಿ ಹಾಕಲಿಲ್ಲ.

"ಇನ್ನೊಮ್ಮಿ ಅನ್ರಿ. ಒಲಿ ಸಪ್ಪಳದಾಗ ಕೇಳಸಲಿಲ್ಲ."

ಒಲೆಯಲ್ಲಿ ಸಪ್ಪಳವೇನೂ ಇರಲಿಲ್ಲ. ಇನ್ನೊಮ್ಮೆ ಅಂದೆ. ದಾಕ್ಷಾಯಣಿಯವರು ಕೈ ತೊಳೆದುಕೊಂಡು, ನನ್ನ ಜೇಬಿನಲ್ಲಿ ಇಣುಕುತ್ತಿದ್ದ ಠರಾವನ್ನು ಎಳೆದು ನಿಂತಲ್ಲೇ ಓದಿದರು. ಮೊದಲ ಸಲ, ಮೇಲಿನಿಂದ ಕೆಳಗಿನವರೆಗೆ. ಜಿಮ್ಮಿಗೆ ಯಾರು ಬರುತ್ತಾರೆಂದು ಕೇಳಿದರು. ನಾವು ಐದು ಮಂದಿ ಎಂದೆ. ಶಾವಿಗೆಗೆ ಮೂವತ್ತೆರಡು ಮಂದಿ ಇದ್ದಾರೆಂದು ಹೇಳಿ ಕಾಗದವನ್ನು ಒಲೆಗೆ ಹಾಕಿದರು. ಆಮೇಲೆ ಚಪ್ಪಲಿ ಮೆಟ್ಟಿ ಮುಂದೆ ನಡೆದರು. ಉಡಿ ಹಿಡಿದು ನಾನು ಹಿಂದೆ. ಈ ಸಲ ಕಟ್ಟೆಯ ಗೆಳೆಯರು ಎದ್ದು ನಿಂತರು.

ಮಠದಲ್ಲಿ ನನ್ನ ಶಲ್ಯದಿಂದ ಅವರ ಸೆರಗಿಗೆ ಅಕ್ಕಿಯನ್ನು ಅವ್ವನವರು ತಮ್ಮ ಕೈಯಾರೆ ಸುರಿದರು. ಒಂದು ಕಾಳೂ ನೆಲಕ್ಕೆ ಬೀಳಲಿಲ್ಲ. ಒಡಪು ಹೇಳೆಂದು ತಿಪ್ಪವ್ವ ಕೇಳುವ ಮೊದಲೇ ದಾಕ್ಷಾಯಣಿಯವರು ಹೇಳಿಬಿಟ್ಟರು:

"ಗಲ್ಲಕ್ಕ ಅರಿಶಿಣ, ಕಿವಿಗೆ ಹೂವಿನ ವೇಷ,
ನನ್ನ ಉಡಿ ಹೊತ್ತು ಬಂದ್ರು ನಮ್ಮ ಫಕೀರೇಶ."

ಆವತ್ತು ಅವ್ವನವರೂ ನಕ್ಕರು. ಹಲ್ಲಿಲ್ಲದ ಆ ನಗೆಯನ್ನು ಅಷ್ಟು ಹತ್ತಿರದಿಂದ ಕಂಡ ಗಂಡಸು ನಾನೊಬ್ಬನೇ. ಇದನ್ನೂ ಏಳು ಹಳ್ಳಿಯವರು ಕೇಳಿಸಿಕೊಳ್ಳಲಿ.

ಮರುದಿನದ ಸಭೆಯಲ್ಲಿ ಅಧ್ಯಕ್ಷರು ತಮ್ಮ ಕುರ್ಚಿಯಲ್ಲಿ ಕುಳಿತರು, ಕೋಣೆ ಶಾವಿಗೆಗಾಯಿತು. ಯಂತ್ರ ತಿರುವಲು ಬಲವಾದ ತೋಳು ಬೇಕೆಂದು ಸಂಘದವರು ಹೇಳಿದರು. ಬೇರೆ ಯಾರದಿದೆ? ಯಾವ ಜಿಮ್ಮಿನಲ್ಲೂ ಬರದಂಥ ತೋಳು ಈಗ ನನಗೆ ಬಂದಿದೆ, ಸಂಶಯವಿದ್ದವರು ಬಂದು ಮುಟ್ಟಿ ನೋಡಬಹುದು. ಬೈಕಿನ ಮೇಲಿನ ಕೆಂಪು ಅಕ್ಷರಗಳನ್ನು ನಾನೇ ಕೆರೆದು ತೆಗೆದೆ.

ಮರುವರ್ಷ ಶ್ರಾವಣದ ಕಡೆಯ ಸೋಮವಾರ ಯಾರೂ ಕರೆಯದೆ ಹೋಗಿ ಹೆಣ್ಣುಮಕ್ಕಳ ಸಾಲಿನ ಕೊನೆಗೆ ನಿಂತೆ. ನನ್ನ ಸರದಿ ಬಂದಾಗ ಮಣೆಯ ಮೇಲೆ ಕುಳಿತು ಶಲ್ಯ ಒಡ್ಡಿದೆ. ಅವ್ವನವರು ಅಕ್ಕಿಯ ಬೊಗಸೆಯನ್ನು ಮೇಲೆಯೇ ಹಿಡಿದು ಕೇಳಿದರು.

"ಈ ಸಲ ಯಾರ ಸಲುವಾಗಿ?"

"ನನ್ನ ಸಲುವಾಗಿರಿ, ಅವ್ವಾ."

ಬೊಗಸೆ ಬಿಚ್ಚಿತು. ಐದೂ ಬಿದ್ದವು, ಹಗುರವಾಗಿದ್ದವು. ತಿಪ್ಪವ್ವ ಬಾಯಿ ತೆರೆಯುವಷ್ಟರಲ್ಲಿ ನಾನು ಎದ್ದು ನಿಂತು, ಕಟ್ಟೆಯವರೆಗೆ ಕೇಳುವ ಹಾಗೆ ಹೇಳಿದೆ:

"ಐದು ಉತ್ತತ್ತಿ, ಐದು ಅಡಿಕಿ, ನಡುವ ಒಣದ್ರಾಕ್ಷಿ,
ಕುರ್ಚಿ ನಮ್ಮ ದಾಕ್ಷಾಯಣಿದು, ಅದಕ್ಕ ನಾನ ಸಾಕ್ಷಿ."